ಸ್ಟಾರ್ಟ್ ಆಗದ ಪೆಟ್ರೋಲ್ ಜೀಪು: ಕಾರ್ಬೊರೇಟರ್ ಬಿಚ್ಚುವ ಮೊದಲು ನಾನು ನೋಡಿದ್ದು

ನಮ್ಮ ಮನೆಯ ಜೀಪಿಗೆ ಹಿಂದೆ ಪಿಕಪ್ ಬಾಡಿ ಕಟ್ಟಿಸಿದ್ದೇವೆ. ಅಡಿಕೆ, ಗೊಬ್ಬರ, ಸೋಗೆ ಎಲ್ಲಾ ಅದರಲ್ಲೇ. ಇಂಜಿನ್ ಹಳೆಯ ಹರಿಕೇನ್, ನಾಲ್ಕು ಸಿಲಿಂಡರ್, 2.2 ಲೀಟರ್ ಪೆಟ್ರೋಲ್. ಸುತ್ತಮುತ್ತ ಬಹಳ ಜನ ಇಂಥ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿಕೊಂಡರು. ನಾನು ಬದಲಿಸಲಿಲ್ಲ. ಅದರ ಸದ್ದು ನನಗೆ ಇಷ್ಟ.

ಹೋದ ಮಳೆಗಾಲ ಒಂದೂವರೆ ತಿಂಗಳು ಅದು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. ಮಳೆ ಸ್ವಲ್ಪ ಹೊಳವಾದಾಗ ಸೆಲ್ಫ್ ಹೊಡೆದೆ. ಇಂಜಿನ್ ಚೆನ್ನಾಗಿಯೇ ತಿರುಗಿತು, ಆದರೆ ಹಿಡಿಯಲಿಲ್ಲ. ತಮ್ಮನ ಮಗ ಆಗಲೇ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ.

"ದೊಡ್ಡಪ್ಪ, ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡೋಣ್ವಾ?"

"ತಡಿ ಮಾರಾಯ, ಅದಕ್ಕೇನಾಗಿದೆ ಅಂತ ಮೊದಲು ಗೊತ್ತಾಗಲಿ."

ಎಲ್ಲರೂ ಮೊದಲು ಕೈ ಹಾಕುವುದು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಈ ಕಾರ್ಬೊರೇಟರಿಗೇ. ಈ ಇಂಜಿನ್‌ನಲ್ಲಿ ಅದು ಹೆಡ್ಡಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಕೂತಿರುತ್ತದೆ, ನಾಲ್ಕು ಸ್ಕ್ರೂ ಕೈಗೆ ಸಿಗುತ್ತವೆ. ಬಿಚ್ಚಿದ ಮೇಲೆ ಹಳೆಯ ಪ್ಯಾಕಿಂಗ್ ಹರಿಯುತ್ತದೆ, ಒಳಗೆ ಪೆಟ್ರೋಲ್ ಎಷ್ಟು ನಿಲ್ಲಬೇಕು ಅಂತ ಹಿಡಿಯುವ ಫ್ಲೋಟಿನ ಲೆವೆಲ್ ತಪ್ಪುತ್ತದೆ. ಇದ್ದ ತೊಂದರೆಯ ಜೊತೆ ಹೊಸದೊಂದು ಸೇರಿಕೊಳ್ಳುತ್ತದೆ. ಇಂಜಿನ್ ಹಿಡಿಯಲು ಬೇಕಾದ್ದು ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ, ಮತ್ತೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಒತ್ತಿ ಬರುವ ಒತ್ತಡ. ಈ ಮೂರರಲ್ಲಿ ಯಾವುದು ಇಲ್ಲ ಅಂತ ಗೊತ್ತಾಗುವವರೆಗೆ ನಾನು ಯಾವ ಸ್ಕ್ರೂವನ್ನೂ ಮುಟ್ಟುವುದಿಲ್ಲ.

ಮೊದಲು ಬ್ಯಾಟರಿ. ಮೀಟರ್ ಇಟ್ಟರೆ 12.5 ವೋಲ್ಟ್ ಇತ್ತು, ಸೆಲ್ಫ್ ಹೊಡೆಯುವಾಗ 10.4ಕ್ಕೆ ಇಳಿಯಿತು. ಪರವಾಗಿಲ್ಲ. 9.5ಕ್ಕಿಂತ ಕೆಳಗೆ ಹೋಗಿದ್ದರೆ ಬ್ಯಾಟರಿ, ಅದರ ಟರ್ಮಿನಲ್, ಇಂಜಿನ್ನಿನ ಅರ್ತ್ ಪಟ್ಟಿ ಇವನ್ನೇ ಮೊದಲು ನೋಡುತ್ತಿದ್ದೆ. ಕಂಪ್ರೆಶನ್ ನೋಡಲು ಈ ಜೀಪಿನಲ್ಲಿ ಒಂದು ಸುಖ ಇದೆ, ಮುಂದಿನಿಂದ ಹ್ಯಾಂಡಲ್ ಹಾಕಬಹುದು. ಕೀ ಆಫ್ ಮಾಡಿ, ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ನಿಧಾನ ತಿರುಗಿಸಿದೆ. ಪ್ರತಿ ಅರ್ಧ ಸುತ್ತಿಗೆ ಒಂದು ಗಟ್ಟಿ ಒತ್ತಡ ಕೈಗೆ ತಗುಲಬೇಕು. ನಾಲ್ಕೂ ಒಂದೇ ಸಮ ತಗುಲಿದವು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಬಾರದು, ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇಡಬೇಕು. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಇದನ್ನು ಹುಡುಗನಿಗೆ ಎರಡು ಸಲ ಹೇಳಿದೆ.

ಆಮೇಲೆ ಪೆಟ್ರೋಲ್. ಏರ್ ಕ್ಲೀನರ್ ಪೈಪ್ ತೆಗೆದು, ಚೋಕ್ ತೆರೆದು, ಕಾರ್ಬೊರೇಟರ್ ಬಾಯಿಗೆ ಟಾರ್ಚ್ ಬಿಟ್ಟೆ. ಹುಡುಗ ಅಕ್ಸಿಲರೇಟರ್ ಒತ್ತಿದ. ಪೆಟ್ರೋಲ್ ಇದ್ದರೆ ಒಳಗೆ ಸಣ್ಣ ಎಳೆಯಾಗಿ ಚಿಮ್ಮಬೇಕು. ಏನೂ ಬರಲಿಲ್ಲ.

"ನೋಡಿ, ನಾನು ಹೇಳಿರ್ಲಿಲ್ವಾ!" ಅಂದ.

ಇಲ್ಲೇ ಬಹಳ ಜನ ತಪ್ಪುವುದು. ಒಂದು ದೋಷ ಸಿಕ್ಕಿತು ಅಂದ ಮಾತ್ರಕ್ಕೆ ಅದೊಂದೇ ಇದೆ ಅಂತ ಅಲ್ಲ. 10 ಎಂ.ಎಲ್. ಸಿರಿಂಜಿನಲ್ಲಿ ಅರ್ಧ ಪೆಟ್ರೋಲ್ ತೆಗೆದುಕೊಂಡು ಕಾರ್ಬೊರೇಟರ್ ಬಾಯಿಗೆ ಬಿಟ್ಟೆ. ಪೆಟ್ರೋಲ್ ಬಾಟಲಿಗೆ ಮುಚ್ಚಳ ಹಾಕಿ ದೂರ ಇಡಿಸಿ, ಏರ್ ಕ್ಲೀನರ್ ಪೈಪ್ ವಾಪಸ್ ಕೂರಿಸಿ ಸೆಲ್ಫ್ ಹೊಡೆದೆ. ಕಿಡಿ ಇದ್ದಿದ್ದರೆ ಎರಡು ಸೆಕೆಂಡಾದರೂ ಹಿಡಿದು ನಿಲ್ಲಬೇಕಿತ್ತು. ಒಂದು ಕೆಮ್ಮು ಕೂಡ ಇಲ್ಲ. ಅಂದರೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ.

ಸ್ವಲ್ಪ ಹೊತ್ತು ಬಿಟ್ಟು, ಪೆಟ್ರೋಲ್ ವಾಸನೆ ಹೋದ ಮೇಲೆ ಕಿಡಿ ನೋಡಿದೆ. ಕಿಡಿಗೆ ಬೇಕಾದ ಹೈ ವೋಲ್ಟೇಜ್ ಮಾಡುವ ಕಾಯಿಲಿನಿಂದ ಬರುವ ದಪ್ಪ ವೈರನ್ನು, ಅದನ್ನು ನಾಲ್ಕು ಪ್ಲಗ್ಗಿಗೂ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನಿಂದ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ತುದಿಯನ್ನು ಇಂಜಿನ್ ಬ್ಲಾಕಿನಿಂದ ಸುಮಾರು 6 ಮಿ.ಮೀ. ದೂರದಲ್ಲಿಟ್ಟೆ. ಕಾರ್ಬೊರೇಟರಿನಿಂದ ಆದಷ್ಟು ದೂರದ ಜಾಗದಲ್ಲೇ ಇದನ್ನು ಮಾಡಬೇಕು. ಸೆಲ್ಫ್ ಹೊಡೆದಾಗ ನೀಲಿ ಕಿಡಿ ಚಟಚಟ ಹಾರಬೇಕು. ಹಾರಲಿಲ್ಲ.

ಇನ್ನು ಟೆಸ್ಟ್ ಲ್ಯಾಂಪ್. ಕ್ಲಿಪ್ಪನ್ನು ಬಾಡಿಗೆ ಹಾಕಿ, ಕೀ ಆನ್ ಮಾಡಿ, ಕಾಯಿಲಿಗೆ ಕರೆಂಟ್ ಬರುವ ಕಡೆ ಮುಟ್ಟಿಸಿದೆ. ದೀಪ ಹತ್ತಿತು. ಅಂದರೆ ಕೀಯಿಂದ ಕಾಯಿಲಿನವರೆಗೆ ಸರಿ ಇದೆ. ಈಗ ಕಾಯಿಲಿನ ಇನ್ನೊಂದು ಕಡೆ, ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆ ಮುಟ್ಟಿಸಿ ಸೆಲ್ಫ್ ಹೊಡೆಸಿದೆ. ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲಿನ ಕರೆಂಟನ್ನು ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್ಚೇ ಪಾಯಿಂಟ್. ಅದು ಕೂಡಿದಾಗ ದೀಪ ಆರಬೇಕು, ಬಿಟ್ಟಾಗ ಹತ್ತಬೇಕು. ಇಂಜಿನ್ ತಿರುಗುವಾಗ ಅದು ಮಿಣಮಿಣ ಅನ್ನಬೇಕು. ನಮ್ಮದು ಹತ್ತಿದ್ದು ಹತ್ತಿದ ಹಾಗೇ ಇತ್ತು. ಅಂದರೆ ಪಾಯಿಂಟಿನ ಮೂಲಕ ಕರೆಂಟ್ ಅರ್ತಿಗೆ ಹೋಗ್ತಾನೇ ಇಲ್ಲ. ದೀಪ ಹತ್ತದೇ ಇದ್ದಿದ್ದರೆ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಶಾರ್ಟ್ ಆಗಿರಬಹುದು ಅಂತ ಬೇರೆ ದಾರಿ ಹಿಡಿಯುತ್ತಿದ್ದೆ. ಹತ್ತು ರೂಪಾಯಿ ಬಲ್ಬು ಇಷ್ಟೆಲ್ಲಾ ಹೇಳುತ್ತದೆ.

ಕ್ಯಾಪ್ ತೆಗೆದೆ. ಪಾಯಿಂಟಿನ ಎರಡು ಮುಖಗಳ ಮೇಲೂ ಬೂದು ಬಣ್ಣದ ತೆಳು ಪದರ ಕೂತಿತ್ತು. ಮಲೆನಾಡಿನ ಮಳೆಯಲ್ಲಿ ನಿಲ್ಲಿಸಿದ ಗಾಡಿಗೆ ಇದು ಮಾಮೂಲು. ಸಣ್ಣ ಅರದಿಂದ ನಾಲ್ಕು ಸಲ ಎಳೆದು, ಒಳ್ಳೆಯ ಕಾಗದದ ಚೂರು ನಡುವೆ ಹಾಕಿ ಒರೆಸಿದೆ. ಸಂದಿ ಅಳೆಯುವ ತೆಳು ತಗಡು, ಫೀಲರ್ ಗೇಜ್ ಹಾಕಿ ಗ್ಯಾಪ್ 0.5 ಮಿ.ಮೀ.ಗೆ ಕೂರಿಸಿದೆ. ಆದರೂ ದೀಪ ಮಿಣುಕಲಿಲ್ಲ!

ಆಗ ಕಣ್ಣು ಹೋಗಿದ್ದು ಡಿಸ್ಟ್ರಿಬ್ಯೂಟರ್ ಒಳಗಿನ ಚಿಕ್ಕ ವೈರಿನ ಮೇಲೆ. ಹೊರಗಿನ ಟರ್ಮಿನಲ್‌ನಿಂದ ಪಾಯಿಂಟಿಗೆ ಬರುವ ಬೆರಳುದ್ದದ ಮೆತ್ತನೆ ವೈರ್ ಅದು. ಮೇಲಿನ ಹೊದಿಕೆ ಸರಿಯಾಗಿಯೇ ಇತ್ತು. ಉಗುರಿನಲ್ಲಿ ಮೆಲ್ಲಗೆ ಎಳೆದರೆ ಒಂದು ಕಡೆ ರಬ್ಬರಿನ ಹಾಗೆ ಹಿಗ್ಗಿತು. ಒಳಗಿನ ತಾಮ್ರದ ಎಳೆಗಳು ಪೂರ್ತಿ ಕಡಿದಿದ್ದವು. ಬೆಸುಗೆ ಹಾಕಿ ಜೋಡಿಸಬಹುದಿತ್ತು. ಆದರೆ ಬೆಸುಗೆ ಬಿದ್ದ ಜಾಗ ಗಡುಸಾಗಿ, ಅದರ ಪಕ್ಕದಲ್ಲೇ ಮತ್ತೆ ಕಡಿಯುತ್ತದೆ. ತುಂಬಾ ಎಳೆಗಳಿರುವ ಮೆತ್ತನೆ ವೈರ್ ತಂದು, ಎರಡೂ ಕಡೆ ಲಗ್ಗು ಒತ್ತಿ ಹಾಕಿದೆ. ದೀಪ ಮಿಣುಕಿತು. ದಪ್ಪ ವೈರಿನ ತುದಿಯಿಂದ ನೀಲಿ ಕಿಡಿ ಹಾರಿತು.

ಮತ್ತೆ ಸಿರಿಂಜ್. ಈ ಸಲ ಇಂಜಿನ್ ಹಿಡಿದು ಎರಡು ಮೂರು ಸೆಕೆಂಡ್ ಓಡಿ ನಿಂತಿತು. ಹುಡುಗ ಕುಣಿದುಬಿಟ್ಟ.

ಇನ್ನು ಉಳಿದದ್ದು ಪೆಟ್ರೋಲ್ ದಾರಿ. ಕಾರ್ಬೊರೇಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟು, ಇಂಜಿನ್ ತಿರುಗಿಸಿದೆ. ಪಂಪು ಚಿಳಕ್ ಚಿಳಕ್ ಅಂತ ಉಗುಳಬೇಕು. ಬಂದದ್ದು ಬರೀ ಗಾಳಿ. ಟ್ಯಾಂಕಿನ ಮುಚ್ಚಳ ತೆರೆದಿಟ್ಟು ನೋಡಿದೆ, ಗಾಳಿಯ ತೂತು ಕಟ್ಟಿದ್ದರೂ ಹೀಗೇ ಆಗುತ್ತದಲ್ವಾ? ಅದೂ ಅಲ್ಲ. ಪಂಪಿಗೆ ಬರುವ ಪೈಪ್ ಬಿಚ್ಚಿ, ಬೇರೆ ಹೋಸ್ ಹಾಕಿ, ಅದರ ತುದಿಯನ್ನು ನೇರ ಕ್ಯಾನಿನಲ್ಲಿ ಮುಳುಗಿಸಿದೆ. ಈಗ ಪಂಪು ಚೆನ್ನಾಗಿ ಉಗುಳಿತು. ಪಂಪಿನೊಳಗೆ ಪೆಟ್ರೋಲ್ ಎಳೆಯುವ ಡಯಾಫ್ರಾಮ್ ಸರಿ ಇದೆ, ತೊಂದರೆ ಟ್ಯಾಂಕಿಗೂ ಪಂಪಿಗೂ ನಡುವೆ.

ಚಾಸಿ ಪಕ್ಕದ ರಬ್ಬರ್ ಹೋಸ್ ಕ್ಲಿಪ್ಪಿನ ಹತ್ತಿರ ಸೀಳಿತ್ತು. ಕೆಳಗೆ ಒಂದು ಹನಿ ಕೂಡ ಸೋರಿರಲಿಲ್ಲ, ಹಾಗಾಗಿಯೇ ಯಾರಿಗೂ ಗೊತ್ತಾಗಿರಲಿಲ್ಲ. ಪಂಪು ಪೆಟ್ರೋಲ್ ಎಳೆಯುವ ಬದಲು ಆ ಸೀಳಿನಿಂದ ಗಾಳಿ ಎಳೆಯುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ, ಹಳೆಯ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಆ ಒಂದು ತುಂಡು ಮಾತ್ರ ಬದಲಿಸದೆ, ಎಥನಾಲ್ ತಡೆಯುವ ಹೋಸ್ ತಂದು ಎಲ್ಲಾ ತುಂಡುಗಳನ್ನೂ ಹೊಸದಾಗಿ ಹಾಕಿದೆ.

ಮರುದಿನ ಬೆಳಿಗ್ಗೆ ಹುಡುಗನನ್ನೇ ಸೀಟಿನಲ್ಲಿ ಕೂರಿಸಿದೆ. ಕಾರ್ಬೊರೇಟರಿಗೆ ಪೆಟ್ರೋಲ್ ಏರುವವರೆಗೆ ಸ್ವಲ್ಪ ಹೊತ್ತು ಸುಮ್ನೆ ತಿರುಗಿತು. ಆಮೇಲೆ ಚೋಕ್ ಎಳೆದು ಕೊಟ್ಟ ಮೊದಲ ಸೆಲ್ಫಿಗೇ ಹಿಡಿಯಿತು. ಚೋಕ್ ಅರ್ಧ ಒತ್ತಿ, ನಾಲ್ಕು ನಿಮಿಷ ಬಿಸಿಯಾಗಲು ಬಿಟ್ಟೆವು. ಆಮೇಲೆ ಗೊಬ್ಬರದ ಮೂಟೆ ಹೇರಿಕೊಂಡು ತೋಟಕ್ಕೆ ಹೋದೆವು. ಕಾರ್ಬೊರೇಟರಿನ ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ.