ಕ್ಲೌಡ್‌ನಲ್ಲೂ ಪೀಣ್ಯದಲ್ಲೂ ಒಂದೇ ಸೆಟ್ಟಿಂಗ್: ಕಾನ್ಫಿಗರೇಷನ್ ಟೂಲ್ ಆರಿಸಿದ ನನ್ನ ಅನುಭವ

ನಮ್ಮದು ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿ. ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಕೊಡುತ್ತೇವೆ. ಸರ್ವರ್‌ಗಳೆಲ್ಲ ಅಮೆಜಾನ್ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿವೆ. ಜೊತೆಗೆ ಪ್ರತಿ ಕಾರ್ಖಾನೆಯಲ್ಲೂ ಒಂದು ಪುಟ್ಟ ಲಿನಕ್ಸ್ ಬಾಕ್ಸ್ ಇಟ್ಟಿದ್ದೇವೆ. ತೂಕದ ಯಂತ್ರ, ಬಾರ್‌ಕೋಡ್ ಪ್ರಿಂಟರ್ ಅದಕ್ಕೆ ಸೇರುತ್ತವೆ. ಇಂಟರ್‌ನೆಟ್ ಹೋದರೂ ಗೇಟ್‌ನಲ್ಲಿ ಲಾರಿ ನಿಲ್ಲಬಾರದು, ಅದಕ್ಕೇ ಈ ಏರ್ಪಾಡು.

ಇವೆಲ್ಲದರ ಸೆಟ್ಟಿಂಗ್ ಒಂದೇ ಥರ ಇರಬೇಕು. ಕೈಯಿಂದ ಮಾಡಿದರೆ ಅದು ಆಗುವುದಿಲ್ಲ. ರಾತ್ರಿ ತೊಂದರೆ ಬಂದಾಗ ಯಾರೋ ಲಾಗಿನ್ ಆಗಿ ಒಂದು ಸಾಲು ಬದಲಿಸುತ್ತಾರೆ, ಸಮಸ್ಯೆ ಬಗೆಹರಿಯುತ್ತದೆ. ಆ ಸಾಲು ಬೇರೆ ಯಾವ ಸರ್ವರ್‌ಗೂ ಹೋಗುವುದಿಲ್ಲ. ಆರು ತಿಂಗಳಾದ ಮೇಲೆ ಒಂದು ಸರ್ವರ್ ಮಾತ್ರ ಯಾಕೆ ಬೇರೆ ಥರ ಆಡುತ್ತಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಬೇಕಾದ ಸೆಟ್ಟಿಂಗ್ ಅನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟರೆ ಅದನ್ನು ಎಲ್ಲ ಸರ್ವರ್‌ಗಳಿಗೂ ಒಂದೇ ಥರ ಹಾಕುವ ಟೂಲ್‌ಗಳಿವೆ. ಅಂಥವು ಪಪೆಟ್, ಶೆಫ್, ಸಾಲ್ಟ್, ಆನ್ಸಿಬಲ್. ಈ ನಾಲ್ಕನ್ನು ಹೋಲಿಸುವ ಪಟ್ಟಿಗಳನ್ನು ನಾನು ಬೇಕಾದಷ್ಟು ಓದಿದ್ದೆ. ಎಲ್ಲದರಲ್ಲೂ ಎಲ್ಲದಕ್ಕೂ ಟಿಕ್ ಗುರುತು. ಅದರಿಂದ ಏನೂ ತಿಳಿಯಲಿಲ್ಲ. ಕೊನೆಗೆ ನಮ್ಮದೇ ಒಂದು ನಿಜವಾದ ಕೆಲಸವನ್ನು ನಾಲ್ಕರಲ್ಲೂ ಬರೆದು ನೋಡೋಣ ಅಂತ ಕೂತೆ.

ಆ ಕೆಲಸ ಸಿಕ್ಕಿದ್ದು ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ ನಿಯಮದಿಂದ. 2022ರ ಏಪ್ರಿಲ್ 28ರಂದು ಬಂದ ಸೂಚನೆ ಅದು. ಕಂಪ್ಯೂಟರ್‌ಗಳ ಗಡಿಯಾರವನ್ನು ಎನ್‌ಐಸಿ (ಸರ್ಕಾರದ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ) ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಸಮಯಕ್ಕೆ, ಇಲ್ಲವೇ ಅದನ್ನೇ ಅನುಸರಿಸುವ ಸರ್ವರ್‌ಗೆ ಹೊಂದಿಸಬೇಕು. ಲಾಗ್‌ಗಳನ್ನು, ಅಂದರೆ ಕಂಪ್ಯೂಟರ್‌ನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆಯನ್ನು, 180 ದಿನ ಇಡಬೇಕು. ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ನಮ್ಮಂಥ ಸಣ್ಣ ಉದ್ಯಮಗಳಿಗೆ ಆ ವರ್ಷದ ಸೆಪ್ಟೆಂಬರ್ 25ರವರೆಗೆ ಸಮಯ ಕೊಟ್ಟಿದ್ದರು. ಮೊದಲ ಎರಡು ಅಂಶ ಪಕ್ಕಾ ಸೆಟ್ಟಿಂಗ್ ಕೆಲಸ, ಅಲ್ವಾ? ಸಮಯದ ಫೈಲ್ ಬದಲಾಗಬೇಕು, ಲಾಗ್ ಫೈಲ್ ಬದಲಾಗಬೇಕು. ಫೈಲ್ ನಿಜಕ್ಕೂ ಬದಲಾಗಿದ್ದರೆ ಮಾತ್ರ ಸರ್ವಿಸ್ ರೀಸ್ಟಾರ್ಟ್ ಆಗಬೇಕು. ಎರಡನೇ ಸಲ ಓಡಿಸಿದರೆ ಏನೂ ಆಗಬಾರದು. ಇದು ಮೊದಲ ಪರೀಕ್ಷೆ. ಎರಡನೆಯದು, ನಾನೇ ಒಂದು ಸರ್ವರ್‌ಗೆ ಹೋಗಿ ಫೈಲ್ ಕೆಡಿಸುವುದು, ಟೂಲ್ ಏನು ಮಾಡುತ್ತದೆ ಅಂತ ನೋಡುವುದು.

ಈ ಎರಡನೇ ಪರೀಕ್ಷೆಯಲ್ಲಿ ಪಪೆಟ್ ನನಗೆ ತುಂಬ ಹಿಡಿಸಿತು. ಪ್ರತಿ ಸರ್ವರ್‌ನಲ್ಲೂ ಅದರ ಏಜೆಂಟ್ ಅನ್ನುವ ಪುಟ್ಟ ಪ್ರೋಗ್ರಾಂ ಇರುತ್ತದೆ. ಏನೂ ಬದಲಿಸದಿದ್ದರೆ ಅದು 30 ನಿಮಿಷಕ್ಕೊಮ್ಮೆ ಸೆಟ್ಟಿಂಗ್ ಬರೆದಿಟ್ಟ ಮುಖ್ಯ ಸರ್ವರ್ ಅನ್ನು ಕೇಳಿ, ಸೆಟ್ಟಿಂಗ್ ತಪ್ಪಿದ್ದರೆ ಸರಿ ಮಾಡುತ್ತದೆ. ನಾನು ಕೆಡಿಸಿದ ಫೈಲ್ ಚಹಾ ಕುಡಿದು ಬರುವಷ್ಟರಲ್ಲಿ ಮೊದಲಿನಂತಾಗಿತ್ತು. ಸರ್ವರ್ ತುಂಬ ಇದ್ದು, ಆಡಿಟ್‌ನವರು ಪದೇ ಪದೇ ಬರುವ ಕಡೆ ಈ ಗುಣಕ್ಕೆ ಬೆಲೆ ಜಾಸ್ತಿ.

ನಮಗೆ ಅಡ್ಡ ಬಂದದ್ದು ಕಾರ್ಖಾನೆಯ ಬಾಕ್ಸ್. ಪಪೆಟ್‌ನಲ್ಲಿ ಏಜೆಂಟ್ ಮತ್ತು ಸರ್ವರ್ ಒಂದನ್ನೊಂದು ಸರ್ಟಿಫಿಕೇಟ್‌ನಿಂದ ಗುರುತಿಸುತ್ತವೆ. ಸರ್ಟಿಫಿಕೇಟ್‌ಗೆ ದಿನಾಂಕ ಸರಿ ಇರಬೇಕು. ಆದರೆ ಈ ಬಾಕ್ಸ್‌ಗಳ ಒಳಗಿನ ಸೆಲ್ ಹೋಗಿದ್ದರೆ, ಕರೆಂಟ್ ಹೋಗಿ ಬಂದಾಗ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತದೆ. ಆಗ ಸಂಪರ್ಕವೇ ಆಗುವುದಿಲ್ಲ. ಗಡಿಯಾರ ಸರಿ ಮಾಡಲು ಸೆಟ್ಟಿಂಗ್ ಬೇಕು, ಸೆಟ್ಟಿಂಗ್ ಬರಲು ಗಡಿಯಾರ ಸರಿ ಇರಬೇಕು. ಪೀಣ್ಯದ ಶೆಡ್‌ಗಳಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಅಪರೂಪವಲ್ಲ, ಹಾಗಾಗಿ ಇದನ್ನು ಪಕ್ಕಕ್ಕಿಡಲು ಆಗಲಿಲ್ಲ.

ಶೆಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಕ್ತಿ ಇದೆ, ಆದರೆ ಬರೆಯುವುದು ರೂಬಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ನಮ್ಮ ತಂಡದಲ್ಲಿ ರೂಬಿ ಬರುವವರು ಯಾರೂ ಇರಲಿಲ್ಲ.

ಸಾಲ್ಟ್ ಗೆಲ್ಲುತ್ತದೆ ಅಂತಲೇ ಅಂದುಕೊಂಡಿದ್ದೆ. ನಾಲ್ಕರಲ್ಲಿ ಅದೇ ಅತಿ ವೇಗ. ಇದರಲ್ಲಿ ಮುಖ್ಯ ಸರ್ವರ್ ಬಾಕ್ಸ್‌ಗೆ ಕರೆ ಮಾಡುವುದಿಲ್ಲ, ಬಾಕ್ಸ್‌ನಲ್ಲಿರುವ ಮಿನಿಯನ್ (ಸಾಲ್ಟ್‌ನ ಏಜೆಂಟ್) ತಾನೇ ಹೊರಗೆ ಬಂದು ಮುಖ್ಯ ಸರ್ವರ್‌ನ 4505 ಮತ್ತು 4506 ಪೋರ್ಟ್‌ಗೆ ಸೇರುತ್ತದೆ. ಕಾರ್ಖಾನೆಯ ಬ್ರಾಡ್‌ಬ್ಯಾಂಡ್ ರೂಟರ್ ಹಿಂದೆ ಕೂತ ಬಾಕ್ಸ್‌ಗೆ ಹೊರಗಿನಿಂದ ಹೋಗಲು ದಾರಿಯೇ ಇಲ್ಲದ ನಮಗೆ ಇದು ಸರಿಯಾಗಿ ಹೊಂದುತ್ತಿತ್ತು. ಆದರೆ ಕಾರ್ಖಾನೆಗಳ ಐಪಿ ವಿಳಾಸ ಬದಲಾಗುತ್ತಲೇ ಇರುತ್ತದೆ. ಅಂದರೆ ಆ ಎರಡು ಪೋರ್ಟ್‌ಗಳನ್ನು ಇಡೀ ಇಂಟರ್‌ನೆಟ್‌ಗೆ ತೆರೆದಿಡಬೇಕು, ಇಲ್ಲವೇ ಎಲ್ಲ ಕಡೆ ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ದಾರಿ) ಹಾಕಬೇಕು. 2020ರಲ್ಲಿ ಸಾಲ್ಟ್‌ನಲ್ಲಿ ಒಂದು ದೊಡ್ಡ ದೋಷ ಸಿಕ್ಕಿತ್ತು. ಲಾಗಿನ್ ಇಲ್ಲದೆಯೇ ಮುಖ್ಯ ಸರ್ವರ್ ಮೇಲೆ ರೂಟ್ ಅಧಿಕಾರದಲ್ಲಿ, ಅಂದರೆ ಪೂರ್ತಿ ಅಧಿಕಾರದಲ್ಲಿ, ಕಮಾಂಡ್ ಓಡಿಸಬಹುದಿತ್ತು. ಇಂಟರ್‌ನೆಟ್‌ಗೆ ತೆರೆದಿದ್ದ ಸರ್ವರ್‌ಗಳ ಮೇಲೆ ಕೆಲವೇ ದಿನಗಳಲ್ಲಿ ದಾಳಿ ಆಯಿತು. ಆ ದೋಷ ಸರಿಯಾಗಿ ವರ್ಷಗಳೇ ಆದವು. ಆದರೂ ಎಲ್ಲ ಗ್ರಾಹಕರ ಬಾಕ್ಸ್‌ಗಳ ಮೇಲೆ ಅಧಿಕಾರ ಇರುವ ಒಂದು ಸರ್ವರ್ ಅನ್ನು ತೆರೆದಿಡಲು ನನಗೆ ಮನಸ್ಸು ಬರಲಿಲ್ಲ.

ಉಳಿದದ್ದು ಆನ್ಸಿಬಲ್. ಏಜೆಂಟ್ ಬೇಡ. ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಇರಬೇಕು, ಆ ಕಡೆ ಪೈಥಾನ್ ಇರಬೇಕು, ಅಷ್ಟೇ. ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿಗೆ ನಾಲ್ಕೂ ಟೂಲ್‌ಗಳ ಫೈಲ್ ತೋರಿಸಿ, ‘ಇದು ಏನು ಮಾಡತ್ತೆ ಹೇಳಮ್ಮ’ ಅಂದೆ. ಆನ್ಸಿಬಲ್‌ನ ಫೈಲ್, ಅಂದರೆ ಪ್ಲೇಬುಕ್ ನೋಡಿ, ‘ಸರ್, ಇದನ್ನ ಯಾರೂ ಹೇಳಿಕೊಡೋದೇ ಬೇಡ’ ಅಂದಳು. ನನ್ನ ಮಟ್ಟಿಗೆ ಅದೇ ದೊಡ್ಡ ಅಂಕ. ಬೆಂಗಳೂರಲ್ಲಿ ಎಂಜಿನಿಯರ್‌ಗಳು ಕೆಲಸ ಬದಲಿಸುತ್ತಲೇ ಇರುತ್ತಾರೆ. ನಾನು ಬರೆದದ್ದನ್ನು ರಾತ್ರಿ ಎರಡು ಗಂಟೆಗೆ ಓದುವವರು ನನ್ನನ್ನು ನೋಡಿಯೇ ಇರುವುದಿಲ್ಲ. ಅವರಿಗೆ ಅರ್ಥವಾಗದ ಟೂಲ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಆನ್ಸಿಬಲ್‌ನ ಕೊರತೆ ಎರಡನೇ ಪರೀಕ್ಷೆಯಲ್ಲಿ ಕಾಣಿಸಿತು. ನಾನು ಕೆಡಿಸಿದ ಫೈಲ್ ಹಾಗೇ ಉಳಿಯಿತು. ಮತ್ತೆ ಓಡಿಸುವವರೆಗೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ದಿನಾ ರಾತ್ರಿ ಎಲ್ಲ ಕ್ಲೌಡ್ ಸರ್ವರ್‌ಗಳ ಮೇಲೂ ಚೆಕ್ ಮೋಡ್‌ನಲ್ಲಿ ಓಡಿಸುತ್ತೇವೆ. ಅದು ಏನನ್ನೂ ಬದಲಿಸುವುದಿಲ್ಲ, ಎಲ್ಲಿ ವ್ಯತ್ಯಾಸ ಇದೆ ಅಂತ ಮಾತ್ರ ತೋರಿಸುತ್ತದೆ. ಬೆಳಿಗ್ಗೆ ಆ ವರದಿ ತಂಡಕ್ಕೆ ಬರುತ್ತದೆ. ಕೈಯಿಂದ ಬದಲಿಸಿದವರು ಅದು ಬೇಕು ಅನ್ನುವುದಾದರೆ ಅಂದೇ ಪ್ಲೇಬುಕ್‌ಗೆ ಸೇರಿಸಬೇಕು. ಇಲ್ಲದಿದ್ದರೆ ಸಂಜೆ ನಾವು ಅಳಿಸುತ್ತೇವೆ. ಈಗ ವರದಿ ಸಾಮಾನ್ಯವಾಗಿ ಖಾಲಿಯೇ ಬರುತ್ತದೆ.

ಇನ್ನೆರಡು ಸಣ್ಣ ವಿಷಯ. ಏನೂ ಬದಲಿಸದಿದ್ದರೆ ಆನ್ಸಿಬಲ್ ಒಂದೇ ಸಲಕ್ಕೆ 5 ಸರ್ವರ್‌ಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ನಿಧಾನ ಅನ್ನಿಸಿದರೆ ಫೋರ್ಕ್ಸ್ ಅನ್ನುವ ಆ ಸಂಖ್ಯೆ ಏರಿಸಿ. ರೀಸ್ಟಾರ್ಟ್ ಇರುವ ಕೆಲಸಕ್ಕೆ, ಕೆಲವೇ ಸರ್ವರ್ ಮುಗಿಸಿ ಮುಂದಿನವಕ್ಕೆ ಹೋಗುವಂತೆ ಸೀರಿಯಲ್ ಹಾಕಿ. ಇಲ್ಲದಿದ್ದರೆ ಹಲವು ಸರ್ವರ್ ಒಟ್ಟಿಗೇ ನಿಂತುಬಿಡುತ್ತವೆ.

ಕಾರ್ಖಾನೆಯ ಬಾಕ್ಸ್‌ಗೆ ಆನ್ಸಿಬಲ್-ಪುಲ್ ಬಳಸಿದೆವು. ಬಾಕ್ಸೇ ಗಿಟ್‌ನಿಂದ (ನಮ್ಮ ಫೈಲ್‌ಗಳನ್ನು ಇಟ್ಟಿರುವ ಭಂಡಾರ) ಪ್ಲೇಬುಕ್ ತಂದು ತನ್ನ ಮೇಲೆ ತಾನೇ ಓಡಿಸಿಕೊಳ್ಳುತ್ತದೆ. ಗಿಟ್‌ಗೆ ಎಸ್‌ಎಸ್‌ಎಚ್ ಕೀ ಮೂಲಕ ಹೋಗುತ್ತದೆ. ಸಾಮಾನ್ಯ ಎಸ್‌ಎಸ್‌ಎಚ್ ಕೀಗೆ ದಿನಾಂಕದ ಗೊಡವೆ ಇಲ್ಲ. ಹಾಗಾಗಿ ಗಡಿಯಾರ ಹಾಳಾಗಿದ್ದರೂ ಸೆಟ್ಟಿಂಗ್ ಬರುತ್ತದೆ, ಅದರಿಂದಲೇ ಗಡಿಯಾರವೂ ಸರಿಯಾಗುತ್ತದೆ. ಆ ಕೀಗೆ ಓದುವ ಅನುಮತಿ ಮಾತ್ರ ಕೊಟ್ಟಿದ್ದೇವೆ. ಗಿಟ್‌ನಲ್ಲಿ ಕಾರ್ಖಾನೆಗೆ ಮೀಸಲಾದ ಭಾಗದಲ್ಲಿ ಕ್ಲೌಡ್‌ನ ಒಂದು ಪಾಸ್‌ವರ್ಡ್ ಕೂಡ ಇಲ್ಲ. ಬಾಕ್ಸ್ ಅನ್ನು ಯಾರಾದರೂ ಬಿಚ್ಚಿ ಒಯ್ದರೂ ಆ ಒಂದು ಕಾರ್ಖಾನೆಯ ಆಚೆ ಹಾನಿ ಹೋಗಬಾರದು.

ಪುಲ್ ವಿಧಾನದಲ್ಲಿ ಯಾವ ಬಾಕ್ಸ್ ಕೆಲಸ ಮುಗಿಸಿತು, ಯಾವುದು ಮುಗಿಸಲಿಲ್ಲ ಅಂತ ಒಂದೇ ಕಡೆ ಕಾಣುವುದಿಲ್ಲ. ಪ್ಲೇಬುಕ್‌ನ ಕೊನೆಯಲ್ಲಿ ‘ಮುಗಿಯಿತು’ ಅಂತ ನಮ್ಮ ಸರ್ವರ್‌ಗೆ ತಿಳಿಸುವ ಸಾಲು ಸೇರಿಸಿದೆವು. ಒಂದು ದಿನ ಸುದ್ದಿ ಬರದಿದ್ದರೆ ಕಾರ್ಖಾನೆಗೆ ಫೋನ್ ಮಾಡುತ್ತೇವೆ. ‘ಅಣ್ಣ, ವೆಲ್ಡಿಂಗ್‌ಗೆ ಪಾಯಿಂಟ್ ಬೇಕಿತ್ತು, ನಿಮ್ಮ ಪ್ಲಗ್ ತೆಗೆದಿದ್ದೀವಿ’ ಅನ್ನುವ ಉತ್ತರವೂ ಬರುತ್ತದೆ.

ಸರ್ವರ್ ಹುಟ್ಟಿಸುವ ಕೆಲಸ ಬೇರೆ, ಅದರೊಳಗಿನ ಸೆಟ್ಟಿಂಗ್ ಕೆಲಸ ಬೇರೆ. ಮೊದಲನೆಯದಕ್ಕೆ ಟೆರಾಫಾರ್ಮ್ ಬಳಸುತ್ತಿದ್ದೆವು. 2023ರ ಆಗಸ್ಟ್‌ನಲ್ಲಿ ಅದು ಓಪನ್ ಸೋರ್ಸ್ ಬಿಟ್ಟು, ಪೈಪೋಟಿಯ ಬಳಕೆಗೆ ಮಿತಿ ಹಾಕುವ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಹೋಯಿತು. ಸ್ವಂತ ಕೆಲಸಕ್ಕೆ ಬಳಸುವ ನಮ್ಮಂಥವರಿಗೆ ಅದರಿಂದ ತೊಡಕೇನಿಲ್ಲ. ಆದರೂ ಅದರ ಹಳೆಯ ಕೋಡ್‌ನಿಂದ ಬೇರೆಯವರು ಬೆಳೆಸಿದ ಓಪನ್‌ಟೋಫುಗೆ ಬಂದೆವು. ಕಾರಣ, ತಾನು ಹುಟ್ಟಿಸಿದ ಸರ್ವರ್‌ಗಳ ವಿವರವನ್ನು ಟೂಲ್ ಬರೆದಿಡುವ ಸ್ಟೇಟ್ ಫೈಲ್. ಡೇಟಾಬೇಸ್ ಪಾಸ್‌ವರ್ಡ್‌ನಂಥವು ಅದರಲ್ಲಿ ಹಾಗೇ ಬಿಚ್ಚಾಗಿ ಕೂತಿರುತ್ತವೆ. ಓಪನ್‌ಟೋಫು 2024ರಲ್ಲಿ ಬಂದ 1.7 ಆವೃತ್ತಿಯಿಂದ, ನಾವು ಸೆಟ್ ಮಾಡಿದರೆ, ಆ ಫೈಲ್ ಅನ್ನು ತಾನೇ ಎನ್‌ಕ್ರಿಪ್ಟ್ ಮಾಡುತ್ತದೆ. ನೀವು ಎರಡರಲ್ಲಿ ಯಾವುದನ್ನು ಬಳಸಿದರೂ ಸ್ಟೇಟ್ ಫೈಲ್ ಎಲ್ಲಿದೆ, ಯಾರ್‍ಯಾರು ಓದಬಹುದು ಅಂತ ಇವತ್ತೇ ಒಮ್ಮೆ ನೋಡಿ.