ರೊಟ್ಟಿ ಜೊತೆ ನುಗ್ಗೆ ತಪ್ಪಲ: ನನ್ನ ಅನುಭವ

ನುಗ್ಗೆ ಸೊಪ್ಪು (ನಮ್ಮ ಕಡೆ ಸೊಪ್ಪಿಗೆ ತಪ್ಪಲ ಅಂತೀವಿ) ಒಳ್ಳೆಯದು ಅಂತ ಎಲ್ಲರೂ ಹೇಳ್ತಾರೆ. ಹೇಗೆ ತಿಂದರೆ ಅದು ಮೈಗೆ ಹತ್ತುತ್ತದೆ ಅಂತ ಹೇಳೋರು ಕಡಿಮೆ. ನಾವು ಕುಷ್ಟಗಿ ಕಡೆಯವರು, ಎರಡು ಹೊತ್ತೂ ಜೋಳದ ರೊಟ್ಟಿ, ಉಂಡ ಕೂಡಲೇ ಚಹಾ. ಎರಡನೇ ಹೆರಿಗೆ ಆದ ಮೇಲೆ ನನ್ನ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು, ಹೆಣ್ಣುಮಕ್ಕಳಿಗೆ 12 ಆದರೂ ಇರಬೇಕು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು, ಸೊಪ್ಪು ಜಾಸ್ತಿ ತಿನ್ನಿ ಅಂದರು. ಗಿಡ ಹಿತ್ತಲಲ್ಲೇ ಇತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪಟ್ಟಿ ತಂದಿದೆ. ಅದರ ಪ್ರಕಾರ 100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ ಪ್ರೋಟೀನ್ 6 ಗ್ರಾಂಗಿಂತ ಜಾಸ್ತಿ, ಕ್ಯಾಲ್ಸಿಯಂ 300 ಮಿಲಿಗ್ರಾಂ ಮೇಲೆ, ಕಬ್ಬಿಣ ಸುಮಾರು ನಾಲ್ಕೂವರೆ ಮಿಲಿಗ್ರಾಂ, ವಿಟಮಿನ್ ಸಿ ನೂರು ಮಿಲಿಗ್ರಾಂ ಆಸುಪಾಸು. ಕಣ್ಣಿಗೆ ಬೇಕಾದ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೋಟಿನ್ ಕೂಡ ತುಂಬಾ ಇದೆ. ಹಿತ್ತಲಲ್ಲಿ ಸುಮ್ನೆ ಬೆಳೆಯುವ ಗಿಡಕ್ಕೆ ಇದು ಕಡಿಮೆ ಅಲ್ಲ, ಅಲ್ವಾ?

ಆದರೆ ಸೊಪ್ಪಿನಲ್ಲಿರುವ ಕಬ್ಬಿಣ ಅಷ್ಟೂ ರಕ್ತಕ್ಕೆ ಸೇರುವುದಿಲ್ಲ. ಜೋಳದಲ್ಲಿರುವ ಫೈಟೇಟ್ ಅನ್ನುವ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಹಾದ ಒಗರು ಇನ್ನೂ ತಡೆಯುತ್ತದೆ. ನಿಂಬೆಹಣ್ಣಿನಂಥ ಹುಳಿಯಲ್ಲಿರುವ ವಿಟಮಿನ್ ಸಿ ಮಾತ್ರ ಇದಕ್ಕೆ ಉಲ್ಟಾ, ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಹಾಗಾಗಿ ನಾನು ರೊಟ್ಟಿ ಬಿಡಲಿಲ್ಲ, ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸಿನ ಮೇಲೆ ಬಿಡುವು ಇಟ್ಟೆ, ಪಲ್ಯ ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡುವುದು ರೂಢಿ ಮಾಡಿಕೊಂಡೆ. ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ.

ಸೊಪ್ಪು ಬಿಡಿಸುವುದು ದೊಡ್ಡ ಕೆಲಸ ಅಂತ ಎಷ್ಟೋ ಮನೆಗಳಲ್ಲಿ ನುಗ್ಗೆ ಮಾಡುವುದೇ ಇಲ್ಲ. ಅತ್ತೆಯವರು ಹೇಳಿಕೊಟ್ಟ ದಾರಿ ಸುಲಭ. ಸಂಜೆ ಟೊಂಗೆ ಮುರಿದು ತಂದು, ಹಳೇ ಸೀರೆ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ಒಂದು ಮೂಲೆಗೆ ಇಟ್ಟುಬಿಡಿ. ಬೆಳಿಗ್ಗೆ ಗಂಟು ಬಿಚ್ಚಿ ಜಾಡಿಸಿದರೆ ಎಲೆ ತಾನಾಗಿಯೇ ಉದುರುತ್ತದೆ, ಕಡ್ಡಿ ಕೈಯಲ್ಲಿ ಉಳಿಯುತ್ತದೆ. ಸಣ್ಣ ಕಡ್ಡಿ ಬಿಡಬಾರದು. "ಕಡ್ಡಿ ಇದ್ರ ಹುಡುಗ್ರು ಎರಡನೇ ಸಲ ಮುಟ್ಟಂಗಿಲ್ಲವಾ" ಅಂತಿದ್ದರು ಅತ್ತೆ, ಅದು ನಿಜ.

ಪಲ್ಯ ಮಾಡುವಾಗ ನೆನೆಸಿದ ಹೆಸರುಬೇಳೆಯನ್ನು ಮುಕ್ಕಾಲು ಬೇಯಿಸಿ, ಆಮೇಲೆ ಸೊಪ್ಪು ಹಾಕುತ್ತೇನೆ. ಎಣ್ಣೆಯಲ್ಲಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಕೊನೆಗೆ ಒಂದು ಹಿಡಿ ಶೇಂಗಾ ಪುಡಿ. ಎಣ್ಣೆ, ಶೇಂಗಾ ಇರುವುದು ಬರೀ ರುಚಿಗಲ್ಲ, ಬೀಟಾ ಕ್ಯಾರೋಟಿನ್ ಮೈಗೆ ಸೇರಲು ಒಂಚೂರು ಕೊಬ್ಬು ಬೇಕೇ ಬೇಕು. ಬೇಯಿಸಿದ ನೀರು ಬಸಿದು ಚೆಲ್ಲಬೇಡಿ. ಎಳೆ ಎಲೆ ಆದರೆ ಕಹಿ ಇರುವುದಿಲ್ಲ, ಬಲಿತ ಎಲೆಗೆ ಸ್ವಲ್ಪ ಕಹಿ ಇರುತ್ತದೆ.

ಬೇಸಿಗೆಯಲ್ಲಿ ಪುಡಿ ಮಾಡಿ ಇಟ್ಟುಕೊಳ್ಳುತ್ತೇನೆ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಮಾಳಿಗೆ ಮೇಲೆ ಹರವಿದರೆ ಬೇಗ ಒಣಗುತ್ತದೆ ಅನಿಸುತ್ತದೆ. ಹಾಗೆ ಮಾಡಬಾರದು. ನೇರ ಬಿಸಿಲಿಗೆ ಎಲೆಯ ಹಸಿರು ಹೋಗಿ ಕಂದು ತಿರುಗುತ್ತದೆ, ಅದರ ಜೊತೆ ಬೀಟಾ ಕ್ಯಾರೋಟಿನ್ ಕೂಡ ಹೋಗುತ್ತದೆ. ತೊಳೆದು ನೀರು ಆರಿಸಿ, ಮನೆಯೊಳಗೆ ನೆರಳಲ್ಲಿ ಬಟ್ಟೆ ಮೇಲೆ ತೆಳ್ಳಗೆ ಹರವಿ, ಆಗಾಗ ಕೈಯಾಡಿಸಿ. ಮುಷ್ಟಿಯಲ್ಲಿ ಹಿಚುಕಿದರೆ ಚರಚರ ಅಂತ ಪುಡಿಯಾಗಬೇಕು, ಬಣ್ಣ ಹಸಿರಾಗಿಯೇ ಇರಬೇಕು. ಪುಡಿಯಲ್ಲಿ ವಿಟಮಿನ್ ಸಿ ಬಹಳ ಉಳಿಯುವುದಿಲ್ಲ, ಅದಕ್ಕೇ ನಿಂಬೆಹಣ್ಣು ಬಿಡಬೇಡಿ. ಈ ಪುಡಿಯನ್ನು ಶೇಂಗಾ ಚಟ್ನಿಪುಡಿಗೆ ಬೆರೆಸಿದರೆ ಮಕ್ಕಳೂ ಮೊಸರಿನ ಜೊತೆ ತಿನ್ನುತ್ತಾರೆ.

"ನುಗ್ಗೆ ಪುಡಿಯಲ್ಲಿ ಹಾಲಿಗಿಂತ 17 ಪಟ್ಟು ಕ್ಯಾಲ್ಸಿಯಂ" ಅನ್ನುವ ಮಾತು ಮೊಬೈಲಿನಲ್ಲಿ ಓಡಾಡುತ್ತಿದೆ. ಅದು ಒಣಗಿದ ಪುಡಿಯನ್ನು ದ್ರವ ಹಾಲಿನ ತೂಕಕ್ಕೆ ಹೋಲಿಸಿದ ಲೆಕ್ಕ. ನಾವು ತಿನ್ನುವುದು ಒಂದು ಚಮಚ, ಅಂದರೆ ಎರಡು ಮೂರು ಗ್ರಾಂ. ಅದರಿಂದ ಸಿಗುವ ಕ್ಯಾಲ್ಸಿಯಂ ಸುಮಾರು 50 ಮಿಲಿಗ್ರಾಂ, ಅರ್ಧ ಲೋಟ ಹಾಲಿಗಿಂತ ಕಡಿಮೆ. ಅದಕ್ಕೇ ನಾನು ಪುಡಿಗಿಂತ ಪಲ್ಯಕ್ಕೇ ಜಾಸ್ತಿ ಬೆಲೆ ಕೊಡುತ್ತೇನೆ, ಹೊಟ್ಟೆ ತುಂಬಾ ತಿನ್ನಬಹುದಲ್ಲ. ಆದರೆ ರೂಢಿ ಇಲ್ಲದವರು ಮೊದಲ ದಿನವೇ ಜಾಸ್ತಿ ತಿನ್ನಬೇಡಿ, ಹೊಟ್ಟೆ ಸಡಿಲಾಗುತ್ತದೆ.

ನನ್ನ ಹಿಮೋಗ್ಲೋಬಿನ್ ಮುಂದಿನ ಬೇಸಿಗೆ ಹೊತ್ತಿಗೆ 12ರ ಹತ್ತಿರ ಬಂತು. ಅದರಲ್ಲಿ ಮಾತ್ರೆಯ ಪಾಲು ದೊಡ್ಡದು. ಸೊಪ್ಪು ತಿಂತೀವಿ ಅಂತ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಮಾತ್ರೆ ಮುಗಿದ ಮೇಲೂ ಮತ್ತೆ ಕೆಳಗೆ ಇಳಿಯಲಿಲ್ಲ, ಅದಕ್ಕೆ ಊಟ ಬದಲಾಯಿಸಿದ್ದೇ ಕಾರಣ ಅಂತ ನಾನು ನಂಬಿದ್ದೇನೆ.

ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳಿಯೇ ತಿನ್ನಬೇಕು, ಸೊಪ್ಪಿನಲ್ಲಿ ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಜಾಸ್ತಿ ಇದೆ. ಬಸುರಿಯರು ನುಗ್ಗೆ ಬೇರು, ತೊಗಟೆಯ ಔಷಧಿ ಮುಟ್ಟಲೇಬಾರದು.

ಗಿಡ ಹಚ್ಚಬೇಕು ಅನ್ನೋರಿಗೆ ಮಸಾರಿ ನೆಲ, ಅಂದರೆ ಕೆಂಪು ಮಣ್ಣು, ಚೆನ್ನಾಗಿ ಹೊಂದುತ್ತದೆ. ಕಪ್ಪು ಮಣ್ಣಿನ ಎರೆ ಹೊಲದಲ್ಲಿ, ಕಾಲುವೆ ಪಕ್ಕದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಸೊಪ್ಪಿಗೇ ಬೆಳೆಸುವುದಾದರೆ ಎದೆಮಟ್ಟಕ್ಕೆ ಕಡಿಯುತ್ತಾ ಇರಿ, ಚಿಗುರು ಕೈಗೆ ಸಿಗುತ್ತದೆ. ಮಳೆ ಬಿದ್ದ ಮೇಲೆ ಬೊಡ್ಡೆಗೆ ಕಂಬಳಿಹುಳ ಗುಂಪಾಗಿ ಅಂಟಿಕೊಂಡಿರುತ್ತವೆ, ಕೈ ತಾಗಿದರೆ ವಿಪರೀತ ತುರಿಕೆ. ಟೊಂಗೆ ಮುರಿಯುವ ಮೊದಲು ಬೊಡ್ಡೆಯನ್ನು ಸುತ್ತಲೂ ನೋಡಿಕೊಳ್ಳಿ.