ಕುದುರೆಗೆ ಹುಲ್ಲು ಮೊದಲು, ಹುರುಳಿ ಆಮೇಲೆ

ನಮ್ಮ ಕಡೆ ಯಾರಾದರೂ ಕುದುರೆ ತಂದರೆ ಮೊದಲ ದಿನವೇ ಒಂದು ಮೂಟೆ ಹುರುಳಿ, ಒಂದು ಮೂಟೆ ಗೋಧಿ ಬೂಸಾ ಮನೆಗೆ ಬಂದುಬಿಡುತ್ತದೆ. ಹುಲ್ಲಿನ ಯೋಚನೆ ಆಮೇಲೆ. ಚಿಕ್ಕಮಗಳೂರಿನ ಹತ್ತಿರ ನಮ್ಮ ತೋಟಕ್ಕೆ ಬೆಳ್ಳಿ ಎಂಬ ಕುದುರೆಯನ್ನು ತಂದಾಗ ನಾನೂ ಹೀಗೇ ಮಾಡಿದೆ. ವರ್ಷ ತುಂಬುವಷ್ಟರಲ್ಲಿ ಅವಳು ಒಂದು ದಿನ ಈ ಕಾಲು, ಇನ್ನೊಂದು ದಿನ ಆ ಕಾಲು ಕುಂಟತೊಡಗಿದಳು. ಮೇವನ್ನು ನಿಧಾನಕ್ಕೆ ಅಗಿಯುತ್ತಿದ್ದಳು, ಕಣ್ಣಿನ ಕೆಳಗೆ ಮುಖದ ಮೂಳೆ ಉಬ್ಬಿದ ಹಾಗೆ ಕಾಣುತ್ತಿತ್ತು. ಲಾಳ ಸರಿಯಿಲ್ಲ ಅಂದುಕೊಂಡು ಎರಡು ಸಲ ಬದಲಾಯಿಸಿದೆ. ಪಶುವೈದ್ಯರು ಬಂದು ಮೊದಲು ಕೇಳಿದ್ದು, "ಬೂಸಾ ಎಷ್ಟು ಹಾಕ್ತೀರಿ?"

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕುದುರೆಯ ತೂಕ ತಿಳಿದುಕೊಳ್ಳಿ. ದರ್ಜಿಯ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಆಮೇಲೆ ಭುಜದ ಮುಂತುದಿಯಿಂದ ಪೃಷ್ಠದ ಕೊನೆಯವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಬೆಳ್ಳಿಯದು 150 ಮತ್ತು 140, ಅಂದರೆ ಸುಮಾರು 265 ಕಿಲೋ. ನಮ್ಮ ಕಡೆಯ ಕುದುರೆಗಳು ಚಿಕ್ಕವು. ರೇಸ್ ಕುದುರೆಯ ಲೆಕ್ಕ ನೋಡಿ ಇವಕ್ಕೆ ಹಾಕಿದರೆ ಜಾಸ್ತಿಯಾಗುತ್ತದೆ.

ದಿನದ ಮೇವು ತೂಕದ ನೂರಕ್ಕೆ 2 ಭಾಗ ಇರಲಿ, ಅದೂ ನೀರಿನಂಶ ಬಿಟ್ಟು ಒಣ ಲೆಕ್ಕದಲ್ಲಿ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಅಲ್ವಾ? ಹಾಗಾಗಿ ಬೆಳ್ಳಿಗೆ 3 ಕಿಲೋ ಒಣಹುಲ್ಲು, 12 ಕಿಲೋ ಹಸಿ ಹುಲ್ಲು. ಒಂದೇ ಸಲ ಸುರಿಯಬೇಡಿ, ನಾಲ್ಕೈದು ಸಲ ಹಾಕಿ. ಕುದುರೆಯ ಹೊಟ್ಟೆ ಚಿಕ್ಕದು. ಆದರೆ ಅದರಲ್ಲಿ ಆಮ್ಲ ದಿನವಿಡೀ ಊರುತ್ತಲೇ ಇರುತ್ತದೆ, ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ರಾತ್ರಿಗೂ ಗೋದಲಿಯಲ್ಲಿ ಹುಲ್ಲಿರಬೇಕು.

ಈಗ ಮೂಳೆಯ ವಿಷಯ. ಗೋಧಿ ಬೂಸಾದಲ್ಲಿ ರಂಜಕ, ಅಂದರೆ ಫಾಸ್ಫರಸ್, ತುಂಬಾ ಇದೆ, ಕ್ಯಾಲ್ಸಿಯಂ ಬಹಳ ಕಡಿಮೆ. ಒಂದು ಕಿಲೋ ಬೂಸಾದಲ್ಲಿ ರಂಜಕ ಸುಮಾರು 11 ಗ್ರಾಂ ಇದ್ದರೆ ಕ್ಯಾಲ್ಸಿಯಂ ಒಂದೂವರೆ ಗ್ರಾಂ ಕೂಡ ಇಲ್ಲ. ಕುದುರೆಗೆ ಬೇಕಾದದ್ದು ಇದರ ಉಲ್ಟಾ, ರಂಜಕ ಒಂದು ಪಾಲು ಇದ್ದರೆ ಕ್ಯಾಲ್ಸಿಯಂ ಒಂದೂವರೆಯಿಂದ ಎರಡು ಪಾಲು. ಅದು ಸಿಗದಿದ್ದರೆ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಕುಂಟು ಬರುವುದು, ಮುಖ ಊದುವುದು ಇದರಿಂದಲೇ. ಇದರ ಜೊತೆಗೆ ಹಸುಗಳಿಗೆ ಬೆಳೆದ ನೇಪಿಯರ್ ಹುಲ್ಲನ್ನೇ ಕುದುರೆಗೂ ಹಾಕುತ್ತೇವೆ. ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ದೇಹಕ್ಕೆ ಸಿಗದ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಬಹುಪಾಲು ಒಡೆದುಬಿಡುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ಭತ್ತದ ಹುಲ್ಲಿನಲ್ಲೂ ಆಕ್ಸಲೇಟ್ ಇದೆ. ಬೂಸಾ, ನೇಪಿಯರ್, ಭತ್ತದ ಹುಲ್ಲು ಮೂರೂ ಸೇರಿದವೋ, ಮೂಳೆ ಸವೆಯದೆ ಇನ್ನೇನಾಗುತ್ತದೆ?

ಪರಿಹಾರ ಕಷ್ಟದ್ದಲ್ಲ. ಬೂಸಾ ಅರ್ಧ ಕಿಲೋಗಿಂತ ಕಡಿಮೆ ಮಾಡಿ, ಬಿಟ್ಟರೂ ನಷ್ಟವಿಲ್ಲ. ಹಾಕಲೇಬೇಕು ಅಂದರೆ ಒಂದು ಕಿಲೋಗೆ 40 ಗ್ರಾಂ ಲೆಕ್ಕದಲ್ಲಿ ಮೇವಿಗೆ ಬಳಸುವ ಸುಣ್ಣಕಲ್ಲಿನ ಪುಡಿ ಬೆರೆಸಿ. ಎಲೆ ಅಡಿಕೆಯ ಸುಣ್ಣ, ಗೋಡೆಯ ಸುಣ್ಣ ಖಂಡಿತ ಬೇಡ, ಬಾಯಿ ಸುಡುತ್ತದೆ. ಅಂಗಡಿಯಲ್ಲಿ ಡಿಸಿಪಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಪುಡಿ, ಕೊಟ್ಟರೆ ವಾಪಸ್ ಕೊಡಿ, ಅದರಲ್ಲೂ ರಂಜಕ ಇರುವುದರಿಂದ ಈ ಕೆಲಸಕ್ಕೆ ಆಗುವುದಿಲ್ಲ. ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಸಿಕ್ಕರೆ ದಿನಕ್ಕೆ ಸ್ವಲ್ಪ ಹಾಕಿ. ಕ್ಯಾಲ್ಸಿಯಂ ಅದರಲ್ಲಿ ಚೆನ್ನಾಗಿದೆ. ಮೂಡಿಗೆರೆ ಕಡೆಯ ಹುಳಿ ಮಣ್ಣಿನಲ್ಲಿ, ಆ ಮಳೆಯಲ್ಲಿ ಅದು ಸರಿಯಾಗಿ ಬರುವುದಿಲ್ಲ. ಕಡೂರು, ಅರಸೀಕೆರೆ ಕಡೆಯ ಬಯಲಿನಲ್ಲಿ ನೀರಿದ್ದವರು ಬೆಳೆಯಬಹುದು.

ಹುರುಳಿ ಕೆಟ್ಟದ್ದೇನಲ್ಲ, ನೂರಕ್ಕೆ 20ಕ್ಕಿಂತ ಜಾಸ್ತಿ ಪ್ರೋಟೀನ್ ಇದೆ. ರಾತ್ರಿ ನೆನೆಸಿ, ಬೇಯಿಸಿ, ಆರಿಸಿ ಕೊಡಿ. ಹಸಿಯಾಗಿ ಕೊಟ್ಟರೆ ಪ್ರೋಟೀನ್ ಸರಿಯಾಗಿ ಜೀರ್ಣವಾಗುವುದಿಲ್ಲ. ಸುಮ್ನೆ ನಿಂತಿರುವ ಕುದುರೆಗೆ ಕಾಳೇ ಬೇಡ ಅನ್ನುತ್ತೇನೆ. ಸವಾರಿ ಇರುವ ದಿನ ಈ ಗಾತ್ರದ ಕುದುರೆಗೆ ಒಂದು ಕಿಲೋ ಕಾಳು ಸಾಕು, ಅದನ್ನೂ ಎರಡು ಹೊತ್ತಿಗೆ ಹಂಚಿ. ಜಾಸ್ತಿ ಕಾಳಿನಿಂದ ಹೊಟ್ಟೆನೋವು ಬರಬಹುದು, ಗೊರಸಿನ ಒಳಗೆ ಉರಿಯೂತವೂ ಆಗಬಹುದು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ತಿಂದದ್ದು ಮುಂದೆ ಹೋಗಲೇಬೇಕು. ಮೇವು ಏನೇ ಬದಲಾಯಿಸಿದರೂ ಹತ್ತು ದಿನ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಬದಲಾಯಿಸಿ.

ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಹಸುವಿನ ಫೀಡ್, ಕೋಳಿ ಫೀಡ್ ಕುದುರೆಯ ಬಾಯಿಗೆ ಸಿಗದ ಹಾಗೆ ಇಡಿ. ಕೆಲವು ಫೀಡ್‌ಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಕುದುರೆಯ ಹೃದಯಕ್ಕೆ ಅದು ವಿಷ, ಕೋಳಿ ತಡೆದುಕೊಳ್ಳುವ ಪ್ರಮಾಣವೇ ಕುದುರೆಯನ್ನು ಕೊಲ್ಲಬಹುದು.

ನೀರು ದಿನಕ್ಕೆ 20ರಿಂದ 30 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಉಪ್ಪು ದಿನಕ್ಕೆ 25 ಗ್ರಾಂ, ಬೆವರಿದ ದಿನ ಎರಡು ಪಟ್ಟು. ಕುದುರೆಯ ಬೆವರು ನಮ್ಮದಕ್ಕಿಂತ ಉಪ್ಪು. ಉಪ್ಪು ಸಾಲದಿದ್ದರೆ ನೀರೂ ಸರಿಯಾಗಿ ಕುಡಿಯುವುದಿಲ್ಲ. ಸವಾರಿಗೆ ಮೂರು ಗಂಟೆ ಮೊದಲೇ ಕಾಳು ಮುಗಿದಿರಲಿ, ಆದರೆ ಹೊರಡುವ ಮುಂಚೆ ಎರಡು ಹಿಡಿ ಹುಲ್ಲು ತಿನ್ನಲು ಬಿಡಿ. ಹುಲ್ಲು ಹೊಟ್ಟೆಯಲ್ಲಿದ್ದರೆ ಓಡುವಾಗ ಆಮ್ಲ ಮೇಲಕ್ಕೆ ಚಿಮ್ಮುವುದು ಕಡಿಮೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಲೆನಾಡಿನಲ್ಲಿ ಒಣಹುಲ್ಲು ಕಾಯ್ದುಕೊಳ್ಳುವುದೇ ದೊಡ್ಡ ಕೆಲಸ. ನೆಲದಿಂದ ಒಂದು ಅಡಿ ಎತ್ತರಕ್ಕೆ ಅಟ್ಟಣೆ ಹಾಕಿ, ಗೋಡೆಗೆ ತಾಗದಂತೆ ಒಟ್ಟಿ. ಪ್ರತಿ ಕಟ್ಟನ್ನೂ ಬಿಚ್ಚಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಬೂದಿಯ ಹಾಗೆ ಧೂಳು ಎದ್ದರೆ, ತೊಳೆದು ಹಾಕುತ್ತೇನೆ ಅನ್ನಬೇಡಿ, ಗೊಬ್ಬರದ ಗುಂಡಿಗೆ ಹಾಕಿ.